ಗೋಡೆಗೆ ಹೊಡೆದ ಕೀಲುಗಳು

ದೇಶದ ಮೊದಲ ಕಾರು ಕಾರ್ಖಾನೆಯಲ್ಲಿ ಬಾಗಿಲು ಕೂರಿಸುತ್ತಿದ್ದ ಮೇಸ್ತ್ರಿಗೆ ಓದು ಅಷ್ಟಕ್ಕಷ್ಟೇ, ಕೈ ಮಾತ್ರ ಬಂಗಾರ. ಮೊದಲೆರಡು ವರ್ಷ ಬಿಡಿಭಾಗಗಳೆಲ್ಲ ಹಡಗಿನಲ್ಲಿ ಪೆಟ್ಟಿಗೆಗಟ್ಟಲೆ ಬರುತ್ತಿದ್ದವು, ಇಲ್ಲಿ ಜೋಡಿಸಿದರಾಯಿತು. ಮೂರನೆಯ ವರ್ಷ, ಎಲ್ಲವೂ ಇಲ್ಲೇ ತಯಾರಾಗಬೇಕೆಂದು ಸರ್ಕಾರ ಹಟ ಹಿಡಿಯಿತು. ಆಗ ಬಂದವನು ಹೊಸ ಇಂಜಿನಿಯರ್. ಬಂದವನೇ ಖರ್ಚು ಉಳಿಸಲೆಂದು ಬಾಗಿಲ ಕೀಲನ್ನು ತೆಳುಮಾಡಿದ.

ಮೇಸ್ತ್ರಿ ಒಂದು ಕೀಲನ್ನು ಬಗ್ಗಿಸಿ ನೋಡಿ, "ಸಾಹೇಬ್ರೇ, ಇದು ಆರು ತಿಂಗಳೂ ತಡೆಯಲ್ಲ" ಅಂದ.

"ನೀನು ಬಡಿ, ಸಾಕು. ಯೋಚನೆ ಮಾಡೋಕೆ ನಾನಿದೀನಿ."

ಹೊಸ ಕಾರು ನೋಡಲು ಮಂತ್ರಿಗಳು ಬಂದ ದಿನ, ತಾಲೀಮಿಗೆಂದು ವಾರವಿಡೀ ತೆರೆದು ಮುಚ್ಚಿದ್ದ ಅದರ ಬಾಗಿಲು ಅವರ ಕೈಯಲ್ಲೇ ಜೋತುಬಿತ್ತು. ಇಂಜಿನಿಯರ್ ಮುನ್ನೂರು ಜನರೆದುರು ಮೇಸ್ತ್ರಿಯತ್ತ ಬೆರಳು ತೋರಿಸಿದ. "ಇವನೇ. ಕುಡ್ಕೊಂಡು ಕೆಲಸ ಮಾಡಿದಾನೆ." ಜನ್ಮದಲ್ಲಿ ಒಂದು ಹನಿ ಮುಟ್ಟಿದವನಲ್ಲ! ಅಂದೇ ಅವನನ್ನು ಗೇಟಿನಾಚೆ ತಳ್ಳಿದರು.

"ಬಿಟ್ಹಾಕೋ ತಮ್ಮಾ," ಅಂದಳು ಅಕ್ಕ. "ಆನೆ ಮೇಲೆ ಜಿದ್ದು ಸಾಧಿಸಿ ಇರುವೆ ಏನು ಮಾಡತ್ತೆ?"

"ಸೊಂಡಿಲೊಳಗೆ ಹೋಗತ್ತೆ ಅಕ್ಕಾ."

ಕಾರ್ಖಾನೆಯ ಗೇಟಿಗೆ ಎದುರಾಗಿ ಒಂದು ಶೆಡ್ಡು ಹಿಡಿದ. ಅವನೆಂದಂತೆಯೇ ಮಳೆಗಾಲ ಮುಗಿಯುವಷ್ಟರಲ್ಲಿ ಜೋತುಬಿದ್ದ ಬಾಗಿಲಿನ ಕಾರುಗಳು ಒಂದೊಂದಾಗಿ ಬರತೊಡಗಿದವು. ಗಟ್ಟಿ ಕೀಲು ಹಾಕಿಕೊಡುತ್ತಿದ್ದ. ಮುರಿದದ್ದನ್ನು ಬೀದಿಯ ಕಡೆಯ ಗೋಡೆಗೆ ಮೊಳೆ ಹೊಡೆದು, ಕೆಳಗೆ ಕಾರಿನ ನಂಬರನ್ನು ಸುಣ್ಣದಲ್ಲಿ ಬರೆಯುತ್ತಿದ್ದ. ಪ್ರತಿ ಮೊಳೆಗೂ ಎದೆಯ ಉರಿ ಒಂದಿಷ್ಟು ತಣಿಯುತ್ತಿತ್ತು, ಮರುದಿನ ಮತ್ತೆ ಹೊತ್ತಿಕೊಳ್ಳುತ್ತಿತ್ತು. ವರ್ಷ ತುಂಬುವಷ್ಟರಲ್ಲಿ ಗೋಡೆ ಕಾಣದಂತಾಯಿತು. ಕಾರು ಕೊಳ್ಳಲು ಬಂದವರು ಗೇಟಿನೊಳಗೆ ಹೋಗುವ ಮೊದಲು ಇತ್ತ ತಿರುಗಿ ನೋಡುತ್ತಿದ್ದರು. ಒಂದು ದಿನ ಪತ್ರಿಕೆಯಲ್ಲಿ ಗೋಡೆಯ ಫೋಟೋ ಬಂತು. ಅದರ ಬೆನ್ನಿಗೇ ವಿಚಾರಣೆಯ ಮಾತೂ ಎದ್ದಿತು.

ಮಧ್ಯಾಹ್ನದ ಬಿಸಿಲಿನಲ್ಲಿ ಇಂಜಿನಿಯರ್ ನಡೆದೇ ಬಂದ. "ಮೇಸ್ತ್ರೀ, ಅದನ್ನೆಲ್ಲ ತೆಗೆದುಬಿಡಪ್ಪ. ಕೆಲಸ ವಾಪಸ್ ಕೊಡಿಸ್ತೀನಿ."

"ಶಿಫ್ಟ್ ಬಿಡೋ ಹೊತ್ತಿಗೆ ಗೇಟಲ್ಲಿ ನಿಂತು, ನಾನು ಅವತ್ತು ಕುಡಿದಿರಲಿಲ್ಲ ಅಂತ ಹೇಳಿ. ಆಮೇಲೆ ನೋಡೋಣ."

ಕುತ್ತಿಗೆಗೆ ಬಂದಿತ್ತಲ್ಲ, ಅಂದು ಸಂಜೆ ಗೇಟಲ್ಲಿ ನಿಂತು ಇಂಜಿನಿಯರ್ ಹೇಳಿದ. ತಲೆ ತಗ್ಗಿಸಿಕೊಂಡು ಗೊಣಗಿದ.

"ಹಿಂದಿನೋರಿಗೆ ಕೇಳಿಸ್ಲಿಲ್ಲ ಸಾಹೇಬ್ರೇ," ಎಂದ ಮೇಸ್ತ್ರಿ. ಇನ್ನೊಮ್ಮೆ ಕೂಗಿ ಹೇಳಬೇಕಾಯಿತು.

"ಈಗ ತೆಗಿ."

"ತೆಗೀತೀನಿ ಅಂತ ನಾನ್ಯಾವಾಗ ಹೇಳ್ದೆ? ನೋಡೋಣ ಅಂದೆ. ನೋಡ್ದೆ."

ತಿಂಗಳೊಳಗೆ ವಿಚಾರಣೆಯವರೇ ಬಂದು ಕೀಲುಗಳನ್ನು ಕಿತ್ತು ಸಾಕ್ಷಿಗೆಂದು ಗೋಣಿಚೀಲಗಳಲ್ಲಿ ತುಂಬಿಕೊಂಡು ಹೋದರು. ಇಂಜಿನಿಯರ್ ಕೆಲಸ ಕಳೆದುಕೊಂಡು ಮನೆ ಸೇರಿದ. ಕೀಲು ಮತ್ತೆ ದಪ್ಪವಾಯಿತು, ಮೇಸ್ತ್ರಿ ಮತ್ತೆ ಕಾರ್ಖಾನೆಯ ಕೆಲಸಕ್ಕೆ ಹೋದ. ಹೊಸಬರಿಗೆ ಕೆಲಸ ಕಲಿಸುತ್ತ ಹದಿನೆಂಟು ವರ್ಷ ದುಡಿದ.

ಆ ನಡುವೆ ಇಂಜಿನಿಯರ್ ತೀರಿಕೊಂಡ ಸುದ್ದಿ ಬಂದ ದಿನ ಕಾರ್ಖಾನೆಯಲ್ಲಿ ಎಲ್ಲರೂ ಎದ್ದು ಎರಡು ನಿಮಿಷ ಮೌನವಾಗಿ ನಿಂತರು. ಮೇಸ್ತ್ರಿ ಕೂತಲ್ಲಿಂದ ಏಳಲಿಲ್ಲ.