ಹೆಳವಯ್ಯ ಸಿಕ್ಕಿಹಾಕಿಕೊಂಡಿದ್ದ ಹಾರ್ಡ್ ಡಿಸ್ಕ್

ಮದ್ದೂರಿನಲ್ಲಿ ನಾನು ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಆಗ ಹನ್ನೊಂದು ವರ್ಷ. ಮಳವಳ್ಳಿ ಕಡೆಯಿಂದಲೂ ಗಿರಾಕಿಗಳು ಹುಡುಕಿಕೊಂಡು ಬರುವಷ್ಟು ಹೆಸರಾಗಿತ್ತು. ಆ ವರ್ಷ ದೀಪಾವಳಿ ಕಳೆದ ವಾರ, ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗಲೇ ಆತಗೂರಿನ ಸಿದ್ದೇಗೌಡ ಮೇಷ್ಟ್ರ ಫೋನು ಬಂತು. ಮಿಡ್ಲ್ ಸ್ಕೂಲಿನಲ್ಲಿ ನನಗೆ ಕನ್ನಡ ಕಲಿಸಿದವರು.

“ಲೋ ಇಲಿಯಾಸ, ನನ್ ಕಂಪ್ಯೂಟ್ರು ಬಾಯೇ ಬುಡ್ತಿಲ್ಲ ಕಣ್ಲಾ. ಎಳವಯ್ಯ ಅದ್ರೊಳಗೇ ಸಿಕ್ಕಾಕೊಂಡವ್ನೆ. ಬಿರ್ರನೆ ಬಾ.”

ಹೆಳವರೆಂದರೆ ಎತ್ತಿನ ಮೇಲೆ ಊರೂರಿಗೆ ಬಂದು, ಒಂದೊಂದು ಮನೆತನದ ತಲೆಮಾರುಗಳ ಹೆಸರನ್ನೂ ಬಾಯಿಪಾಠ ಹೇಳಿ, ದವಸ ಪಡೆದು ಹೋಗುವವರು. ಮೇಷ್ಟ್ರು ಅಂಥ ಒಬ್ಬ ಅಜ್ಜನನ್ನು ಮೂರು ದಿನ ಜಗುಲಿಯ ಮೇಲೆ ಕೂರಿಸಿಕೊಂಡು ಊರಿನ ಅಷ್ಟೂ ಒಕ್ಕಲುಗಳ ವಂಶಾವಳಿ ರೆಕಾರ್ಡ್ ಮಾಡಿದ್ದರು. ಕಂಪ್ಯೂಟರಿಗೆ ಹಾಕಿದ ಮೇಲೆ ರೆಕಾರ್ಡರನ್ನು ಖಾಲಿ ಮಾಡಿದ್ದರು. ಅಜ್ಜ ಅದಾದ ಬೇಸಿಗೆಯಲ್ಲೇ ತೀರಿಕೊಂಡಿದ್ದ. ಬೇರೆ ನಕಲು ಎಲ್ಲಿಯೂ ಇರಲಿಲ್ಲ.

ನಾನು ಹೋದಾಗ ಮೇಷ್ಟ್ರು ಕಂಗಾಲಾಗಿದ್ದರು. ಹಿಂದಿನ ದಿನ ಮಂಡ್ಯದಿಂದ ಒಬ್ಬ ಬಂದು ನೋಡಿ, “ಸಾಫ್ಟ್‌ವೇರ್ ಕೆಟ್ಟಿದೆ, ವೈರಸ್ಸು, ಫಾರ್ಮ್ಯಾಟ್ ಮಾಡಬೇಕು” ಎಂದಿದ್ದನಂತೆ. ಫಾರ್ಮ್ಯಾಟ್ ಎಂದರೆ ಸ್ಲೇಟು ಒರೆಸಿದ ಹಾಗೆ. “ಇವತ್ತು ಮದ್ಯಾನ ಬಂದು ಒರೆಸಾಕ್ತೀನಿ ಅಂದೋಗವ್ನೆ,” ಎಂದರು. ಅವನಿಗೆ ಬರಬೇಡವೆಂದು ಮೊದಲು ಫೋನ್ ಮಾಡಿಸಿದೆ.

ಕಂಪ್ಯೂಟರ್ ಆನ್ ಆಗಲು ಇಪ್ಪತ್ತು ನಿಮಿಷ ತೆಗೆದುಕೊಂಡಿತು. ಫೋಲ್ಡರ್ ಕಾಣುತ್ತದೆ, ತೆರೆದರೆ ಸ್ತಬ್ಧ. ಇದು ಸಾಫ್ಟ್‌ವೇರ್ ಅಲ್ಲ, ಡಿಸ್ಕೇ ಹೋಗಿದೆ ಎಂದು ನನ್ನ ಮನಸ್ಸೂ ಆತುರದಲ್ಲಿ ತೀರ್ಪು ಕೊಟ್ಟಿತು. ಆದರೆ ಪರೀಕ್ಷೆ ಮಾಡದೆ ಅದನ್ನು ಬಾಯಿಗೆ ತರಲಿಲ್ಲ.

ಪೆಟ್ಟಿಗೆಗೆ ಕಿವಿ ಕೊಟ್ಟೆ. ಡಿಸ್ಕು ಸಮನಾಗಿ ತಿರುಗುತ್ತಿತ್ತು, ಕೆಟ್ಟ ಡಿಸ್ಕಿನ ಟಕ್ ಟಕ್ ಸದ್ದಿಲ್ಲ. ಆಮೇಲೆ ಅದರ ವಿಂಡೋಸನ್ನು ಮುಟ್ಟದೆ, ನನ್ನ ಪೆನ್‌ಡ್ರೈವಿನಲ್ಲಿದ್ದ ಲಿನಕ್ಸ್ ಎಂಬ ಬೇರೆಯೇ ಸಾಫ್ಟ್‌ವೇರಿನಿಂದ ಯಂತ್ರ ಚಾಲೂ ಮಾಡಿದೆ. ಫೋಲ್ಡರ್ ತೆರೆದರೆ ಅಲ್ಲೂ ಅದೇ ತಡವರಿಕೆ. ಅಲ್ಲಿಗೆ ವಿಂಡೋಸ್ ನಿರಪರಾಧಿ. ಇನ್ನು ಉಳಿದದ್ದು ಸ್ಮಾರ್ಟ್ ರಿಪೋರ್ಟು, ಅಂದರೆ ಡಿಸ್ಕು ತನ್ನ ಆರೋಗ್ಯವನ್ನು ತಾನೇ ಬರೆದಿಟ್ಟುಕೊಳ್ಳುವ ದಾಖಲೆ. ಕೆಟ್ಟ ಸೆಕ್ಟರ್‌ಗಳು, ಅಂದರೆ ಡಿಸ್ಕಿನ ಮೇಲೆ ಓದಲಾಗದಂತೆ ಹಾಳಾದ ತುಣುಕುಗಳು: ಸೊನ್ನೆ. ಆದರೆ ಸಿಆರ್‌ಸಿ ಎರರ್, ಎಂದರೆ ಡಿಸ್ಕಿನಿಂದ ಬೋರ್ಡಿಗೆ ಹೋಗುವ ದಾರಿಯಲ್ಲಿ ಹಾಳಾದ ಮಾಹಿತಿಯ ಎಣಿಕೆ, ನಾಲ್ಕು ಸಾವಿರ ದಾಟಿ ನೋಡನೋಡುತ್ತಲೇ ಏರುತ್ತಿತ್ತು. ಕಾಗದ ಚೆನ್ನಾಗಿಯೇ ಇದೆ, ಅಂಚೆಯವನು ದಾರಿಯಲ್ಲಿ ನೆನೆಸುತ್ತಿದ್ದಾನೆ!

ಪಕ್ಕದ ತಗಡು ಬಿಚ್ಚಿದೆ. ಡಿಸ್ಕಿನ ಕೇಬಲ್ಲು ಬೋರ್ಡಿಗೆ ಕೂರುವ ಜಾಗದಲ್ಲಿ ಹಸಿರು ಕಿಲುಬು, ಅಂಟು, ಇರುವೆಗಳ ಸಾಲು. ಮೂಸಿದೆ. ಹುಳಿತ ತೆಂಗಿನಕಾಯಿ ನೀರಿನ ವಾಸನೆ. ಪೆಟ್ಟಿಗೆಯ ನೆತ್ತಿಯ ಜಾಲರಿಯ ಸುತ್ತ ಕುಂಕುಮವೂ ಇತ್ತು. ಅರ್ಥವಾಯಿತು. ಆದರೆ ಸಾಬರ ಮನೆಯವನು ನಾನು, ನಿಮ್ಮ ಪೂಜೆಯಿಂದ ಕೆಟ್ಟಿತು ಎಂದು ಯಾವ ಬಾಯಲ್ಲಿ ಹೇಳಲಿ? ಮೇಷ್ಟ್ರ ಹೆಂಡತಿ ಜಯಮ್ಮನವರು ಅಡುಗೆಮನೆ ಬಾಗಿಲಲ್ಲೇ ನಿಂತಿದ್ದರು.

“ಅಮ್ಮಾ, ಇದಕ್ಕೇನಾದ್ರೂ ಆಗಿತ್ತಾ? ಮೇಲಿಂದ ನೀರು ಗೀರು?”

“ಆಯುಧಪೂಜೆಲಿ ಕಾಯಿ ಒಡ್ದು ನೀರ ಚಿಮುಕ್ಸಿದ್ದೆ ಕಣಪ್ಪ. ಟ್ಯಾಕ್ಟ್ರುಗೂ ಚಿಮುಕ್ಸ್ದೆ, ಅದ್ಕೇನೂ ಆಗ್ನಿಲ್ಲ. ಇದ್ಕೇನಂತೆ ದೊಡ್ರೋಗ?”

“ಚಿಮುಕ್ಸಿಲ್ಲ ಕಣೇ, ತಾನ ಮಾಡ್ಸಿದ್ದೀಯ!” ಎಂದರು ಮೇಷ್ಟ್ರು.

“ನೀವೇ ತಾನೆ, ಈಚೀಚೆಗೆ ನಿಧಾನ ಆಗ್ಬುಟ್ಟದೆ, ಇದ್ಕೆ ವಸಿ ಚೆನ್ನಾಗೇ ಉಯ್ಯಿ ಅಂದದ್ದು?”

ಮೇಷ್ಟ್ರು ಚಾವಣಿಯ ಫ್ಯಾನು ನೋಡತೊಡಗಿದರು.

ಡಿಸ್ಕು ಬಿಚ್ಚಿ, ಹೊಸ ಕೇಬಲ್ಲಿನಿಂದ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ಏರುತ್ತಿದ್ದ ಎಣಿಕೆ ನಿಂತಿತು. ಫೋಲ್ಡರ್ ತೆರೆಯಿತು. ಮೂರು ದಿನದ ದನಿ, ಅಷ್ಟೂ ಫೈಲು.

“ಆಕು ಕಣ್ಲಾ, ಒಂದೇ ಒಂದ್ಸಲ ಕೇಳ್ಬುಡ್ತೀನಿ.”

“ಮೊದಲು ನಕಲು, ಮೇಷ್ಟ್ರೇ. ಕೇಳೋದು ಆಮೇಲೆ.” ನನಗೆ ಪಾಠ ಹೇಳಿದವರಿಗೆ ನಾನು ಅಪ್ಪಣೆ ಕೊಟ್ಟದ್ದು ಅದೊಂದೇ ಸಲ. ಎರಡು ಬೇರೆ ಬೇರೆ ಡ್ರೈವುಗಳಿಗೆ ನಕಲಾಗಲು ಒಂದು ಗಂಟೆ ನಲವತ್ತು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಅವರು ಕೈಕಟ್ಟಿ ಬೆಂಚಿನ ಮೇಲೆ ಕೂತಿದ್ದರು.

ನಕಲು ಮುಗಿದ ಮೇಲೆ ಹಾಕಿದೆ. ಒರಟು, ಏರುದನಿ; ಉಸಿರು ಬಿಡದೆ ಹೆಸರಿನ ಮೇಲೆ ಹೆಸರು. ಜಯಮ್ಮನವರು ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, “ಬರೀ ಗಂಡಸ್ರ ಎಸ್ರೇ ಏಳ್ತಾನಲ್ಲ ಇವ್ನು,” ಎಂದರು.

“ಸುಮ್ಕಿರೇ, ಈಗ ನಮ್ಮಪ್ಪನ ಎಸ್ರು ಬತ್ತದೆ.”

ಬಂತು. ಮೇಷ್ಟ್ರು ಕನ್ನಡಕ ತೆಗೆದರು.

ಅಂದು ಫಾರ್ಮ್ಯಾಟ್ ಮಾಡಿದ್ದರೆ ದನಿ ಹೋಗುತ್ತಿತ್ತು, ರೋಗ ಮಾತ್ರ ಹಾಗೇ ಉಳಿಯುತ್ತಿತ್ತು. ಸಾಫ್ಟ್‌ವೇರೋ ಹಾರ್ಡ್‌ವೇರೋ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ, ವಾಪಸ್ ತರಲಾಗದ ಕೆಲಸಕ್ಕೆ ಕೈ ಹಾಕಬಾರದು. ಇನ್ನೊಂದನ್ನೂ ಅಂದೇ ಕಲಿತೆ. “ನೀವೇನು ಮಾಡಿದಿರಿ?” ಎಂದು ಕೇಳಿದರೆ ಎಂಥವರೂ “ಏನೂ ಮಾಡಿಲ್ಲ” ಎನ್ನುತ್ತಾರೆ. “ಇದಕ್ಕೇನಾಯಿತು?” ಎಂದು ಕೇಳಿ ನೋಡಿ, ಗಂಡ ಹೆಂಡತಿ ನಾ ಮುಂದು ತಾ ಮುಂದು ಎಂದು ಪೂರಾ ಹೇಳುತ್ತಾರೆ.