ನೋಡ್ಲಿಕ್ಕೆ ಕಣ್ಣು ಬೇಕ್ರಿ

ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್ನಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಇಂಜಿನಿಯರು ಹಾಲು ತರಲು ಹೊರಟರೂ ಕೊರಳಿಗೆ ಬೈನಾಕ್ಯುಲರು ನೇತುಹಾಕಿಕೊಳ್ಳುತ್ತಿದ್ದರು. ಅವರು ತೋರಿಸಿದ ಹಕ್ಕಿ ನಮಗೆ ಕಾಣುವಷ್ಟರಲ್ಲಿ ಹಾರಿಹೋದರೆ, "ನೋಡ್ಲಿಕ್ಕೆ ಕಣ್ಣು ಬೇಕ್ರಿ" ಎಂದು ಮರುಕದಿಂದ ನಗುತ್ತಿದ್ದರು.

ಒಂದು ಚಳಿಗಾಲದ ರಜೆಯಲ್ಲಿ ಹೆಬ್ಬೆರಳುದ್ದದ ಹಮ್ಮಿಂಗ್‌ಬರ್ಡು ನೋಡಲೆಂದೇ ಸಂಸಾರಸಮೇತ ಟ್ರಿನಿಡಾಡಿಗೆ ಹೊರಟರು. ಹೊರಡುವ ಮುನ್ನ, ಇಲ್ಲಿ ನಾವೆಲ್ಲ ಮಾಡುವಂತೆ, ಚಳಿಗೆ ಸಾಯದಿರಲೆಂದು ಹಿತ್ತಿಲಿನ ಕರಿಬೇವಿನ ಕುಂಡವನ್ನು ಗರಾಜಿನೊಳಗೆ ಎಳೆದಿಟ್ಟು, ಬೀಗದ ಕೈ ನನಗೆ ಕೊಟ್ಟರು.

"ನೀರು ಹಾಕ್ತಿರ್ರಿ. ಕೂಸಿನ್ಹಂಗ ಬೆಳಸೇನಿ. ದಿನಾ ಒಂದೊಂದು ಎಲಿ ನೋಡ್ತೇನಿ."

ಮರುದಿನ ನೀರು ಹಾಕಲು ಹೋದರೆ, ಆ ಎಲೆಗಳ ನಡುವೆಯೇ ಅರ್ಧ ನಿಂಬೆಹಣ್ಣಿನಷ್ಟು ಪುಟ್ಟ ಗೂಡು. ಅದರಲ್ಲಿ ಅವರೆಕಾಳಿನಂಥ ಎರಡು ಮೊಟ್ಟೆ, ಮುಟ್ಟಿದರೆ ತಣ್ಣಗಿದ್ದವು. ಹಿತ್ತಿಲಿನಲ್ಲಿ ಕುಂಡವಿದ್ದ ಜಾಗದ ಮೇಲೆ ಒಂದು ಹಮ್ಮಿಂಗ್‌ಬರ್ಡು ಸುತ್ತುತ್ತಲೇ ಇತ್ತು.

ಅವರು ಮರಳಿದ ಮೇಲೆ ಗೂಡು ತೋರಿಸಿದೆ. ಬಗ್ಗಿ ನೋಡಿದರು. ಆಮೇಲೆ ಒಳಗೆ ಹೋಗಿ ಕ್ಯಾಮೆರಾ ತಂದರು.

ಎಲ್ಲರೂ ಒಂದೊಂದು ಅಡುಗೆ ತಂದು ಕೂಡಿ ಉಣ್ಣುವ ಮುಂದಿನ ಪಾಟ್‌ಲಕ್ಕಿನಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದು ನಾವೆಲ್ಲ ಅವರ ಟೀವಿಯಲ್ಲಿ ಟ್ರಿನಿಡಾಡಿನ ಹಕ್ಕಿಗಳನ್ನು ನೋಡಿದೆವು. ಕೊನೆಯ ಫೋಟೊ ಆ ಗೂಡಿನದು. ಕುಂಡ ಕಾಣದಂತೆ ತೀರಾ ಹತ್ತಿರದಿಂದ ತೆಗೆದಿದ್ದರು.

"ಅಬ್ಬಾ, ಇಷ್ಟು ಸಣ್ಣದು ಹೇಗೆ ಕಣ್ಣಿಗೆ ಬಿತ್ತು ಸಾರ್?" ಎಂದರು ಯಾರೋ.

ಅವರು ನನ್ನ ಕಡೆ ತಿರುಗಲಿಲ್ಲ.

"ನೋಡ್ಲಿಕ್ಕೆ ಕಣ್ಣು ಬೇಕ್ರಿ."