ಮೇಯರ್‌ನ ಎರಡನೇ ಕೈ

ನೋಲೀನ್ ಪ್ರಿಚರ್ಡ್‌ದು ಬಾಯಿ ಎಂದರೆ ಬಾಯಿ. ಈಜುಕೊಳದ ಈ ದಡದಲ್ಲಿ ನಿಂತು ಅವಳು "ಕಾಲು ಬಡಿಯೋ" ಎಂದರೆ, ಆ ದಡದ ಹುಡುಗನಷ್ಟೇ ಅಲ್ಲ, ಬೀದಿಯಾಚೆ ಮೀನು-ಚಿಪ್ಸ್ ಅಂಗಡಿಯ ಸಾಲಿನಲ್ಲಿ ನಿಂತವರೂ ಬೆಚ್ಚಿಬೀಳುತ್ತಿದ್ದರು. ಮೂಗಿಗೆ ಬಿಸಿಲು ತಾಗದಂತೆ ಬಿಳಿ ಮುಲಾಮು ಮೆತ್ತಿಕೊಂಡು, ಮಾಸಿದ ಟೋಪಿ ಒತ್ತಿಕೊಂಡು, ಆಸ್ಟ್ರೇಲಿಯಾದ ಆ ಕೇರಿಯ ಮಕ್ಕಳಿಗೆ ಈಜು ಕಲಿಸುವುದರಲ್ಲೇ ಅವಳ ಆಯುಸ್ಸು ಕಳೆದಿತ್ತು. ಗಂಡ ಕೆವ್ ಸಿಕ್ಕಿದ್ದೂ ಅಲ್ಲೇ. ನೀರು ಕುಡಿದು ಒದ್ದಾಡುತ್ತಿದ್ದವನನ್ನು ಕೂದಲು ಹಿಡಿದು ಎಳೆದು ತಂದಳು, ಆಮೇಲೆ ಬಿಡಲೇ ಇಲ್ಲ. ಅವನು ತೀರಿಕೊಂಡ ಮರುವಾರವೇ ಕೊಳಕ್ಕೆ ಬಂದು ನಿಂತಳು. ಮನೆಯಲ್ಲಿ ಕೂತು ಗೋಡೆಗೆ ಈಜು ಕಲಿಸಲೇ ಎಂದಳು.

ಅಂಥ ಕೊಳವನ್ನು ಮುಚ್ಚುವ ಮಾತು ನಗರಸಭೆಯಲ್ಲಿ ಎದ್ದಿತು. ಹಳೆಯದು, ಸೋರುತ್ತದೆ, ಎಷ್ಟು ರಿಪೇರಿ ಮಾಡಿದರೂ ಅಷ್ಟೇ ಎಂದರು. ನೋಲೀನ್‌ಗೆ ತಲೆ ಕೆಟ್ಟುಹೋಯಿತು. ಶನಿವಾರ ಹಾರ್ಡ್‌ವೇರ್ ಅಂಗಡಿಯ ಮುಂದೆ, ಚಂದಾ ಎತ್ತಲು ಸಾಸೇಜ್ ಸುಟ್ಟು ಮಾರುವಲ್ಲಿ, ಮೇಯರ್ ರಸ್ ಡಿಲೇನಿ ಬ್ರೆಡ್ಡಿಗೆ ಈರುಳ್ಳಿ ಹಾಕಿಸಿಕೊಳ್ಳುತ್ತಿದ್ದಾಗ ಅವನನ್ನು ಹಿಡಿದಳು. ನೀನೊಂದು ರುಜು ಹಾಕಿದರೆ ಮುಗಿಯಿತಲ್ಲ ಎಂದಳು. ಮೇಯರ್ ಎಂದರೆ ನಗರಕ್ಕೇ ರಾಜ ಎಂದು ಕೇರಿಯವರೆಲ್ಲ ತಿಳಿದಿದ್ದರು. ಸಭೆಯಲ್ಲಿ ತನಗೂ ಮಿಕ್ಕವರಂತೆ ಒಂದೇ ಮತ, ಸಮಸಮ ಬಂದಾಗ ಮಾತ್ರ ಅಧ್ಯಕ್ಷನಾಗಿ ಇನ್ನೊಂದು ಸಲ ಕೈ ಎತ್ತಬಹುದು ಎಂದು ಅವನು ಬಿಡಿಸಿ ಹೇಳಿದ.

"ಸುಳ್ಳು ಹೇಳಲ್ಲ, ನೋಲೀನ್. ನನ್ನ ಕೈ ಮುಚ್ಚೋ ಕಡೆಗೇ."

"ಹಾಗಿದ್ರೆ ಆ ಬ್ರೆಡ್ಡು ನಿಂಗೆ ಅರಗದೇ ಹೋಗ್ಲಿ," ಎಂದು ಅವಳು ಬಿರಬಿರನೆ ಹೊರಟುಬಿಟ್ಟಳು.

ಸಭೆಯ ಸಂಜೆ ಜನರು ಕೂರುವ ಗ್ಯಾಲರಿ ಕಿಕ್ಕಿರಿದಿತ್ತು. ಒದ್ದೆ ತಲೆಯ ಮಕ್ಕಳು ಟವೆಲ್ ಸುತ್ತಿಕೊಂಡೇ ಬಂದಿದ್ದರು. ನೋಲೀನ್ ಅವರ ನಡುವೆ ಕೂತು ಕೆಳಗಿನ ಸದಸ್ಯರ ತಲೆ ಎಣಿಸುತ್ತಿದ್ದಳು. ಕೊಳದ ಪರ ಗಟ್ಟಿಯಾಗಿ ನಿಂತಿದ್ದ ಸದಸ್ಯೆಗೆ ಆ ದಿನವೇ ಹೆರಿಗೆ ನೋವು ಬರಬೇಕೇ? ಗೆಲ್ಲುತ್ತೇವೆಂದುಕೊಂಡಿದ್ದ ಲೆಕ್ಕವೆಲ್ಲ ತಲೆಕೆಳಗಾಗಿತ್ತು. ಮುಚ್ಚಬೇಕು ಎನ್ನುವವರು ಕೈ ಎತ್ತಿದರು, ಅವರ ಜೊತೆ ರಸ್ ಕೂಡ. ಬೇಡ ಎನ್ನುವವರು ಎತ್ತಿದರು. ಗುಮಾಸ್ತೆ ಎಣಿಸಿದಳು, ನಂಬದೆ ಮತ್ತೆ ಎಣಿಸಿದಳು. ಸಮಸಮ.

ಈಗಷ್ಟೇ ಮುಚ್ಚಲು ಕೈ ಎತ್ತಿದವನ ಹತ್ತಿರವೇ ಇನ್ನೊಂದು ಮತ! ಇನ್ನೇನು ಉಳಿಯಿತು? ನೋಲೀನ್ ಎದ್ದು ನಿಂತು, ಕೊಳದ ದಡದ ದನಿಯಲ್ಲೇ, ಅವನ ಜನ್ಮ ಜಾಲಾಡತೊಡಗಿದಳು. ಕೂರದಿದ್ದರೆ ಹೊರಗೆ ಕಳಿಸಬೇಕಾಗುತ್ತದೆ ಎಂದು ರಸ್ ಗದರಿದ. ಕಣ್ಣಲ್ಲಿ ನೀರು ತುಂಬಿಕೊಂಡು ಕೂತಳು.

"ಮೊದಲನೇ ಕೈ ನನ್ನದು," ಎಂದ ರಸ್. "ಎರಡನೇದು ಈ ಕುರ್ಚಿದು. ಸಭೆ ಅರ್ಧಕ್ಕರ್ಧ ಒಡೆದಿರುವಾಗ, ಇರೋದನ್ನ ಕೆಡವೋಕೆ ಈ ಕುರ್ಚಿಗೆ ಹಕ್ಕಿಲ್ಲ. ಎರಡನೇ ಸಲ ನಾನು ಮುಚ್ಚೋದರ ವಿರುದ್ಧ ಎತ್ತುತ್ತೀನಿ. ಕೊಳ ಉಳೀತು."

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ನೋಡಿ, ಸಂಭ್ರಮ! ಗದ್ದಲ ಮಾಡಬಾರದು ಎಂಬ ಬೋರ್ಡಿನ ಕೆಳಗೇ ಸಿಳ್ಳೆ, ಚಪ್ಪಾಳೆ, ಮಕ್ಕಳ ಟವೆಲ್ಲುಗಳೆಲ್ಲ ಗಾಳಿಯಲ್ಲಿ. ನೋಲೀನ್ ಪಕ್ಕದಲ್ಲಿದ್ದ ಗುರುತು ಪರಿಚಯವಿಲ್ಲದ ಗಂಡಸನ್ನು ತಬ್ಬಿಕೊಂಡು ಮುತ್ತಿಟ್ಟಳು. ದುಡುದುಡು ಮೆಟ್ಟಿಲಿಳಿದು ಹೋಗಿ ರಸ್‌ನ ಕೈ ಹಿಡಿದಳು. ಬೈದದ್ದರ ನಾಚಿಕೆ, ಗೆದ್ದ ಖುಷಿ ಎರಡೂ ಒಟ್ಟಿಗೇ ಉಕ್ಕಿ ಬಂದು, ಆ ಬಾಯಿಂದ ಮಾತೇ ಹೊರಡಲಿಲ್ಲ.

ಥ್ಯಾಂಕ್ಸ್ ಬೇಡ ಎಂದ ಅವನು. ಮುಂದಿನ ಬಜೆಟ್ಟಿನಲ್ಲಿ ಈ ವಿಷಯ ಮತ್ತೆ ಬರುತ್ತದೆ, ಆಗಲೂ ತನ್ನ ಮೊದಲ ಕೈ ಮುಚ್ಚುವ ಕಡೆಗೇ, ಒಂದು ಹೊಂಡ ನೀರಿಗೆ ಇಷ್ಟೆಲ್ಲ ಯಾಕೆ ಎಂಬುದು ತನಗೆ ಈಗಲೂ ತಿಳಿದಿಲ್ಲ ಎಂದ.

ನೋಲೀನ್ ಅವನನ್ನೇ ದಿಟ್ಟಿಸಿ ನೋಡಿದಳು. "ನಿಂಗೆ ಈಜು ಬರಲ್ಲ, ಅಲ್ವಾ?"

ಈಜು ಬಾರದವರೇ ಅಪರೂಪವಾದ ಆಸ್ಟ್ರೇಲಿಯಾದಲ್ಲೇ ಹುಟ್ಟಿ ಬೆಳೆದ, ಇಷ್ಟು ದೊಡ್ಡ ನಗರದ ಮೇಯರ್ ಅತ್ತಿತ್ತ ನೋಡಿ, ಇಲ್ಲವೆಂದು ಮೆಲ್ಲಗೆ ತಲೆಯಾಡಿಸಿದ.

"ನಾಳೆ ಬೆಳಿಗ್ಗೆ ಬಂದುಬಿಡು, ಮಾರಾಯ," ಎಂದಳು ನೋಲೀನ್. "ಮಕ್ಕಳ ಕಡೆ ಸೊಂಟದ ಮಟ್ಟ ಅಷ್ಟೇ ನೀರು. ನಿನ್ನ ಮೊದಲನೇ ಕೈನ ನಾನು ನೋಡ್ಕೋತೀನಿ."